ಒಂದೇ ಲಾಗಿನ್, ನೂರು ಬಾಗಿಲು

1983ರ ಮೇ ತಿಂಗಳಲ್ಲಿ ಅಮೆರಿಕದ ಎಂಐಟಿಯಲ್ಲಿ ‘ಅಥೀನಾ’ ಎಂಬ ಯೋಜನೆ ಶುರುವಾಯಿತು. ಡಿಜಿಟಲ್ ಇಕ್ವಿಪ್‌ಮೆಂಟ್ ಮತ್ತು ಐಬಿಎಂ ಕಂಪನಿಗಳು ಅದಕ್ಕೆ ಯಂತ್ರಗಳನ್ನು ಕೊಟ್ಟವು. ವಿದ್ಯಾರ್ಥಿ ಕ್ಯಾಂಪಸ್ಸಿನ ಯಾವ ಕಟ್ಟಡದ ಯಾವ ಕಂಪ್ಯೂಟರಿನ ಮುಂದೆ ಕೂತರೂ ಅವನ ಫೈಲು, ಅವನ ಮೇಲು, ಅವನ ಪ್ರಿಂಟರು ಅಲ್ಲಿಗೇ ಸಿಗಬೇಕು ಎಂಬುದು ಆ ಯೋಜನೆಯ ಹಂಬಲ. ಬೆಂಗಳೂರಿನ ಕಂಪನಿಯೊಂದರಲ್ಲಿ ಬೆಳಿಗ್ಗೆ ಒಮ್ಮೆ ಪಾಸ್‌ವರ್ಡ್ ಒತ್ತಿ ಸಂಜೆಯವರೆಗೆ ಮೇಲು, ಹಂಚಿಕೊಂಡ ಫೋಲ್ಡರು, ರಜೆ ಅರ್ಜಿ, ಸಂಬಳದ ಚೀಟಿ ಎಲ್ಲವನ್ನೂ ತೆರೆಯುವವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಆ ಅನುಕೂಲದ ಬೇರು ಹುಡುಕುತ್ತಾ ಹೋದರೆ ನಾವು ತಲುಪುವುದು ಅಥೀನಾದ ಆ ಕೋಣೆಗಳನ್ನೇ. ಅಲ್ಲಿ ಎದುರಾದ ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ, ಆ ಉತ್ತರದಲ್ಲಿ ನಾವು ಆಮೇಲೆ ಕೈಬಿಟ್ಟ ಒಂದು ಮುಖ್ಯ ಭಾಗ, ಈ ಮೂರನ್ನೂ ಹೇಳಬೇಕೆಂದೇ ಈ ಬರಹ.

ಅದಕ್ಕೂ ಮೊದಲಿನ ಪದ್ಧತಿ ಸರಳವಾಗಿತ್ತು. ಒಂದು ದೊಡ್ಡ ಕಂಪ್ಯೂಟರು, ಅದಕ್ಕೆ ತಂತಿಯಲ್ಲಿ ಜೋಡಿಸಿದ ಹತ್ತಾರು ಟರ್ಮಿನಲ್‌ಗಳು. ಪಾಸ್‌ವರ್ಡ್ ಕೇಳುವುದೂ ಅದೇ ಯಂತ್ರ, ಫೈಲು ಇಟ್ಟುಕೊಳ್ಳುವುದೂ ಅದೇ ಯಂತ್ರ. ಒಳಗೆ ಬಂದವನು ಯಾರೆಂದು ಅದಕ್ಕೆ ಗೊತ್ತಿರುತ್ತಿತ್ತು, ಬೇರೆ ಯಾರಿಗೂ ಹೇಳಬೇಕಾದ ಅಗತ್ಯ ಬೀಳುತ್ತಿರಲಿಲ್ಲ. ಅಥೀನಾದಲ್ಲಿ ಈ ಮನೆ ಒಡೆದು ಪಾಲಾಯಿತು. ಫೈಲುಗಳು ಒಂದು ಸರ್ವರಿನಲ್ಲಿ, ಮೇಲು ಇನ್ನೊಂದರಲ್ಲಿ, ಪ್ರಿಂಟರು ಮತ್ತೊಂದರ ಸುಪರ್ದಿಯಲ್ಲಿ. ನಡುವೆ ಎಲ್ಲರೂ ಹಂಚಿಕೊಳ್ಳುವ ಒಂದು ನೆಟ್‌ವರ್ಕು. ‘ನಾನು ಇಂಥ ವಿದ್ಯಾರ್ಥಿ, ನನ್ನ ಫೈಲು ಕೊಡು’ ಎಂದು ದೂರದ ಒಂದು ಕಂಪ್ಯೂಟರು ಕೇಳಿದರೆ, ಫೈಲ್ ಸರ್ವರ್ ಆ ಮಾತನ್ನು ಹೇಗೆ ನಂಬಬೇಕು?

ಆ ಕಾಲದ ಯೂನಿಕ್ಸ್ ಲೋಕದಲ್ಲಿ ಇದಕ್ಕೊಂದು ಸಲೀಸಾದ ಉತ್ತರ ಚಾಲ್ತಿಯಲ್ಲಿತ್ತು. ಕೇಳುತ್ತಿರುವ ಯಂತ್ರದ ವಿಳಾಸ ಪರಿಚಯದ್ದಾದರೆ ಅದು ಹೇಳಿದ್ದನ್ನು ನಂಬಿಬಿಡು ಎನ್ನುವ ಉತ್ತರ. ಯಂತ್ರಗಳೆಲ್ಲ ಬೀಗ ಹಾಕಿದ ಕೋಣೆಯಲ್ಲಿ, ನಂಬಿಕಸ್ಥ ಸಿಬ್ಬಂದಿಯ ಕೈಯಲ್ಲಿ ಇರುವವರೆಗೆ ಅದು ನಡೆಯುತ್ತಿತ್ತು. ಅಥೀನಾದ ಕಂಪ್ಯೂಟರುಗಳು ಹಾಗಿರಲಿಲ್ಲ. ಯಾರು ಬೇಕಾದರೂ ಬಂದು ಕೂರುವ ಜಾಗದಲ್ಲಿದ್ದವು. ಕೂತವನು ಆ ಯಂತ್ರವನ್ನು ತನಗೆ ಬೇಕಾದಂತೆ ಬದಲಿಸಬಲ್ಲ, ಹೊಸದಾಗಿ ಚಾಲೂ ಮಾಡಬಲ್ಲ, ತಾನು ಪ್ರೊಫೆಸರ್ ಎಂದು ಅದರಿಂದ ಹೇಳಿಸಬಲ್ಲ. ತಂತಿಯ ಮೇಲೆ ಹರಿಯುವ ಮಾತನ್ನು ಕದ್ದು ಕೇಳುವುದೂ ಕಷ್ಟವಿರಲಿಲ್ಲ. ಹಾಗಾಗಿ ಎರಡು ದಾರಿ ಮುಚ್ಚಿಹೋದವು. ಯಂತ್ರದ ಮಾತು ನಂಬುವಂತಿಲ್ಲ. ಪ್ರತಿ ಸರ್ವರಿಗೂ ಪಾಸ್‌ವರ್ಡ್ ಕಳಿಸುವಂತೆಯೂ ಇಲ್ಲ, ಕಳಿಸಿದರೆ ದಾರಿಯಲ್ಲಿ ಯಾರೋ ಅದನ್ನು ಎತ್ತಿಕೊಳ್ಳುತ್ತಾರೆ. ಅದೂ ಅಲ್ಲದೆ ಪ್ರಿಂಟ್ ಒತ್ತಿದಾಗೊಮ್ಮೆ, ಮೇಲು ತೆರೆದಾಗೊಮ್ಮೆ, ಫೈಲು ಮುಟ್ಟಿದಾಗೊಮ್ಮೆ ಪಾಸ್‌ವರ್ಡ್ ಕೇಳಿದರೆ ಯಾರೂ ಸಹಿಸುವುದಿಲ್ಲ. ಬೇಸತ್ತವರು ಚಿಕ್ಕ ಪಾಸ್‌ವರ್ಡ್ ಇಟ್ಟುಕೊಳ್ಳುತ್ತಾರೆ, ಪರದೆಯ ಅಂಚಿಗೆ ಚೀಟಿ ಅಂಟಿಸುತ್ತಾರೆ. ಬಳಸುವವರ ಬೇಸರವೂ ಭದ್ರತೆಯ ಪ್ರಶ್ನೆಯೇ ಎಂಬುದನ್ನು ಆ ಎಂಜಿನಿಯರುಗಳು ಅಷ್ಟು ಮೊದಲೇ ಅರ್ಥಮಾಡಿಕೊಂಡಿದ್ದರು. ಅವರ ಮೇಲೆ ನನಗೆ ಗೌರವ ಮೂಡಿದ್ದು ಅಲ್ಲಿಂದಲೇ.

ಸ್ಟೀವ್ ಮಿಲ್ಲರ್, ಕ್ಲಿಫರ್ಡ್ ನ್ಯೂಮನ್, ಜೆರೋಮ್ ಸಾಲ್ಟ್ಜರ್, ಜೆಫ್ರಿ ಶಿಲ್ಲರ್ ಮುಂತಾದವರು ಸೇರಿ ರೂಪಿಸಿದ ಆ ವ್ಯವಸ್ಥೆಗೆ ‘ಕೆರ್ಬೆರೋಸ್’ ಎಂದು ಹೆಸರಿಟ್ಟರು. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿ ಅದು. ವ್ಯವಸ್ಥೆಯ ತಿರುಳು ಅವರಿಗಿಂತ ಹಿಂದಿನದು. 1978ರಲ್ಲಿ ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್ ಒಂದು ಪ್ರಬಂಧ ಬರೆದಿದ್ದರು. ಒಬ್ಬರನ್ನೊಬ್ಬರು ಅರಿಯದ ಎರಡು ಯಂತ್ರಗಳು, ಇಬ್ಬರಿಗೂ ಗೊತ್ತಿರುವ ಮೂರನೆಯ ಯಂತ್ರದ ಮೂಲಕ ಪರಿಚಯ ಮಾಡಿಕೊಳ್ಳುವ ಬಗೆಯನ್ನು ಅದು ವಿವರಿಸಿತ್ತು. ಅದರಲ್ಲೊಂದು ತೂತಿತ್ತು. ಹಳೆಯ ಮಾತುಕತೆಯ ಕೀಲಿಯೊಂದು ಕಳ್ಳನ ಕೈಗೆ ಸಿಕ್ಕಿದರೆ, ಆ ಹಳೆಯ ಸಂದೇಶವನ್ನೇ ಮತ್ತೆ ಕಳಿಸಿ ಆತ ಒಳಗೆ ಬರಬಹುದಿತ್ತು. 1981ರಲ್ಲಿ ಡೊರೊಥಿ ಡೆನ್ನಿಂಗ್ ಮತ್ತು ಜಿಯೊವಾನಿ ಸಾಕೊ ಇದನ್ನು ತೋರಿಸಿಕೊಟ್ಟು, ಸಂದೇಶದ ಮೇಲೆ ಹೊತ್ತು ನಮೂದಿಸಬೇಕು ಎಂದರು. ಹೊತ್ತಿನ ಆ ಮುದ್ರೆಯೇ ಕೆರ್ಬೆರೋಸ್‌ನ ಬೆನ್ನೆಲುಬಾಯಿತು.

ಅದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಮುಂದಿನ ಎಲ್ಲ ಮಾತೂ ಅದರ ಮೇಲೆ ನಿಂತಿದೆ.

ಕ್ಯಾಂಪಸ್ಸಿನಲ್ಲಿ ಒಂದು ಕೇಂದ್ರ ಸರ್ವರ್ ಇರುತ್ತದೆ. ಪ್ರತಿಯೊಬ್ಬ ಬಳಕೆದಾರನ ಕೀಲಿ, ಪ್ರತಿಯೊಂದು ಸರ್ವರಿನ ಕೀಲಿ ಅದರ ಬಳಿ ಇರುತ್ತವೆ. ಬಳಕೆದಾರನ ಕೀಲಿಯನ್ನು ಅವನ ಪಾಸ್‌ವರ್ಡಿನಿಂದಲೇ ಲೆಕ್ಕಹಾಕಿ ತಯಾರಿಸಿರುತ್ತಾರೆ. ವಿದ್ಯಾರ್ಥಿ ಬಂದು ತನ್ನ ಹೆಸರು ಟೈಪ್ ಮಾಡುತ್ತಾನೆ. ಕಂಪ್ಯೂಟರು ಆ ಹೆಸರನ್ನಷ್ಟೇ ಕೇಂದ್ರಕ್ಕೆ ಕಳಿಸುತ್ತದೆ. ಕೇಂದ್ರವು ಒಂದು ಮೂಲ ಟಿಕೆಟ್ ಮತ್ತು ಈ ಹೊತ್ತಿಗಷ್ಟೇ ಸಲ್ಲುವ ಒಂದು ತಾತ್ಕಾಲಿಕ ಕೀಲಿಯನ್ನು ತಯಾರಿಸಿ, ಎರಡನ್ನೂ ಆ ವಿದ್ಯಾರ್ಥಿಯ ಕೀಲಿಯಿಂದ ಬೀಗ ಹಾಕಿ ವಾಪಸು ಕಳಿಸುತ್ತದೆ. ಈಗ ಕಂಪ್ಯೂಟರು ಪಾಸ್‌ವರ್ಡ್ ಕೇಳುತ್ತದೆ. ಸರಿಯಾದ ಪಾಸ್‌ವರ್ಡ್ ಕೊಟ್ಟರೆ ಬೀಗ ತೆರೆಯುತ್ತದೆ, ತಪ್ಪಾದರೆ ತೆರೆಯುವುದಿಲ್ಲ. ಬೀಗ ತೆರೆದ ಕೂಡಲೇ ಕಂಪ್ಯೂಟರು ಪಾಸ್‌ವರ್ಡನ್ನು ಅಳಿಸಿಹಾಕುತ್ತದೆ. ಇಷ್ಟೂ ವ್ಯವಹಾರದಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಒಮ್ಮೆಯೂ ಕಾಲಿಡಲಿಲ್ಲ. ನನ್ನ ಕಣ್ಣಿಗೆ ಕಂಪ್ಯೂಟರ್ ವಿಜ್ಞಾನದ ಅತ್ಯಂತ ಚೆಲುವಾದ ಯೋಚನೆಗಳಲ್ಲಿ ಇದು ಒಂದು.

ಮುಂದೆ ಮೇಲು ಬೇಕೆನ್ನಿಸಿದಾಗ, ಕಂಪ್ಯೂಟರು ಆ ಮೂಲ ಟಿಕೆಟನ್ನು ಕೇಂದ್ರಕ್ಕೆ ತೋರಿಸಿ ಮೇಲ್ ಸರ್ವರಿಗೆಂದೇ ಒಂದು ಬೇರೆ ಟಿಕೆಟ್ ಪಡೆಯುತ್ತದೆ. ಪ್ರಿಂಟರಿಗೆ ಮತ್ತೊಂದು, ಫೈಲಿಗೆ ಮಗದೊಂದು. ಇದೆಲ್ಲ ತೆರೆಮರೆಯಲ್ಲಿ ನಡೆಯುತ್ತದೆ. ಬಳಸುವವನಿಗೆ ಗೊತ್ತಾಗುವುದು ಬೆಳಿಗ್ಗೆ ಕೊಟ್ಟ ಒಂದು ಪಾಸ್‌ವರ್ಡು ಮಾತ್ರ. ಮೇಲ್ ಸರ್ವರಿನ ಟಿಕೆಟ್ ಮೇಲ್ ಸರ್ವರಿನ ಕೀಲಿಯಿಂದ ಮುಚ್ಚಿರುವುದರಿಂದ ನಡುವೆ ಯಾರೂ ಅದನ್ನು ತಿದ್ದಲಾರರು, ವಿದ್ಯಾರ್ಥಿಯೂ ತಿದ್ದಲಾರ.

ಟಿಕೆಟನ್ನೇ ಕದ್ದರೆ? ಅದಕ್ಕೂ ಉತ್ತರವಿತ್ತು. ರಿಸರ್ವೇಶನ್ ಮಾಡಿಸಿದ ರೈಲಿನಲ್ಲಿ ಟಿಟಿಇ ಟಿಕೆಟ್ ನೋಡುವುದಲ್ಲದೆ ಗುರುತಿನ ಚೀಟಿಯನ್ನೂ ಕೇಳುತ್ತಾರಲ್ಲ, ಹಾಗೆ ಇಲ್ಲಿಯೂ ಟಿಕೆಟ್ ಒಂದೇ ಸಾಲದು. ಅದರ ಜೊತೆಗೆ ಕಂಪ್ಯೂಟರು ಪ್ರತಿ ಸಲವೂ ತನ್ನ ತಾತ್ಕಾಲಿಕ ಕೀಲಿಯಿಂದ ಮುಚ್ಚಿದ ಒಂದು ಸಣ್ಣ ಸಾಕ್ಷಿಪತ್ರವನ್ನು ಹೊಸದಾಗಿ ತಯಾರಿಸಬೇಕು. ಅದರಲ್ಲಿ ಹೆಸರು ಮತ್ತು ಆ ಕ್ಷಣದ ಹೊತ್ತು ಇರುತ್ತದೆ. ಹೊತ್ತಿನಲ್ಲಿ ಸುಮಾರು ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಸರ್ವರ್ ಬಾಗಿಲು ತೆರೆಯುವುದಿಲ್ಲ. ತಂತಿಯಿಂದ ಟಿಕೆಟ್ ಎತ್ತಿಕೊಂಡ ಕಳ್ಳನ ಬಳಿ ತಾತ್ಕಾಲಿಕ ಕೀಲಿ ಇರುವುದಿಲ್ಲ, ಹೊಸ ಸಾಕ್ಷಿಪತ್ರ ಬರೆಯಲಾರ. ಆಫೀಸಿನ ಕಂಪ್ಯೂಟರಿನ ಗಡಿಯಾರ ತಪ್ಪಿದ್ದಕ್ಕೆ ಲಾಗಿನ್ ಆಗದೆ ಒದ್ದಾಡಿದವರಿದ್ದರೆ, ಹೆಚ್ಚಿನ ಪಾಲು ಕಾರಣ ಇದೇ. ಬೇಕೆಂದರೆ ಸರ್ವರಿನಿಂದಲೂ ತಿರುಗಿ ಗುರುತು ಕೇಳಬಹುದು, ಸುಳ್ಳು ಸರ್ವರ್ ನಿಲ್ಲಿಸಿ ಮೋಸ ಮಾಡುವವರನ್ನು ತಡೆಯಲು. ಕೊನೆಗೆ ಇನ್ನೂ ಒಂದು ನಿಯಮ. ಟಿಕೆಟ್‌ಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತವೆ. ವಿದ್ಯಾರ್ಥಿ ಎದ್ದುಹೋಗುವಾಗ ಲಾಗ್‌ಔಟ್ ಮಾಡಿದರೆ ಆ ಕ್ಷಣವೇ ಅಳಿಸಿಹೋಗುತ್ತವೆ. ಅವನು ಕೂತ ಜಾಗದಲ್ಲಿ ಮುಂದಿನ ಗಳಿಗೆಯಲ್ಲಿ ಬೇರೆಯವನು ಬಂದು ಕೂರುತ್ತಾನೆ ಎಂಬುದು ಮೊದಲಿನಿಂದಲೂ ಅವರ ಲೆಕ್ಕದಲ್ಲಿತ್ತು.

1988ರ ಯೂಸೆನಿಕ್ಸ್ ಸಮ್ಮೇಳನದಲ್ಲಿ ಜೆನಿಫರ್ ಸ್ಟೈನರ್, ನ್ಯೂಮನ್ ಮತ್ತು ಶಿಲ್ಲರ್ ಇದನ್ನು ಲೋಕದ ಮುಂದಿಟ್ಟರು. 1987ರ ಜನವರಿಯಿಂದ ಅಥೀನಾದ 5,000 ಬಳಕೆದಾರರು, 650 ಕಂಪ್ಯೂಟರುಗಳು ಮತ್ತು 65 ಸರ್ವರುಗಳಿಗೆ ಗುರುತು ಹಿಡಿಯುವ ಒಂದೇ ಮಾರ್ಗ ಕೆರ್ಬೆರೋಸ್ ಆಗಿದೆ ಎಂದು ಆ ಪ್ರಬಂಧ ಹೇಳಿತು. ಇಂದು ನಮ್ಮ ಒಂದು ಮಧ್ಯಮ ಗಾತ್ರದ ಎಂಜಿನಿಯರಿಂಗ್ ಕಾಲೇಜಿನ ಲೆಕ್ಕ ಅದು. ಆ ಕಾಲಕ್ಕೆ ಅಷ್ಟು ಜನ ದಿನನಿತ್ಯ ಬಳಸಿ ತೋರಿಸಿದ್ದು ದೊಡ್ಡ ಸಾಧನೆ.

ಲೋಪಗಳಿಲ್ಲದೆ ಇರಲಿಲ್ಲ. ಕೇಂದ್ರಕ್ಕೆ ಬರೀ ಹೆಸರು ಕಳಿಸಿದರೆ ಸಾಕು, ಪಾಸ್‌ವರ್ಡಿನಿಂದ ಮುಚ್ಚಿದ ಉತ್ತರ ಬರುತ್ತದೆ ಎಂದೆನಷ್ಟೆ. ಕಳ್ಳನೂ ಯಾರದೋ ಹೆಸರು ಕಳಿಸಿ ಆ ಉತ್ತರ ತರಿಸಿಕೊಂಡು, ಮನೆಯಲ್ಲಿ ಕೂತು ಒಂದೊಂದೇ ಪಾಸ್‌ವರ್ಡ್ ಹಾಕಿ ಬೀಗ ತೆರೆಯಲು ನೋಡಬಹುದಿತ್ತು. 1990ರ ಸುಮಾರಿಗೆ ಸ್ಟೀವನ್ ಬೆಲೊವಿನ್ ಮತ್ತು ಮೈಕೆಲ್ ಮೆರಿಟ್ ಇದನ್ನೂ ಸೇರಿಸಿ ಹಲವು ಕುಂದುಗಳನ್ನು ಬರೆದಿಟ್ಟರು. 1993ರಲ್ಲಿ ಜಾನ್ ಕೋಲ್ ಮತ್ತು ನ್ಯೂಮನ್ ಪ್ರಕಟಿಸಿದ ಐದನೆಯ ಆವೃತ್ತಿಯಲ್ಲಿ, ಕೇಳುವವನು ಮೊದಲೇ ತನ್ನ ಕೀಲಿಯ ಪುರಾವೆ ಕೊಡಬೇಕೆಂದು ಕೇಂದ್ರ ಕಡ್ಡಾಯ ಮಾಡಲು ಅವಕಾಶ ಬಂತು. 1996ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ಕನೆಯ ಆವೃತ್ತಿಯ ಮತ್ತೊಂದು ಗುಟ್ಟು ಹೊರಗೆಡವಿದರು. ತಾತ್ಕಾಲಿಕ ಕೀಲಿಗಳಿಗೆ ಬೇಕಾದ ಯಾದೃಚ್ಛಿಕ ಅಂಕಿಗಳನ್ನು ಆ ಪ್ರೋಗ್ರಾಂ ಎಷ್ಟು ದುರ್ಬಲವಾಗಿ ತಯಾರಿಸುತ್ತಿತ್ತೆಂದರೆ, ಕೀಲಿಯನ್ನು ಸೆಕೆಂಡುಗಳಲ್ಲಿ ಊಹಿಸಬಹುದಿತ್ತು. ವಿನ್ಯಾಸ ಎಷ್ಟೇ ಚೆಲುವಾಗಿರಲಿ, ಅಂಕಿ ಆರಿಸುವ ನಾಲ್ಕು ಸಾಲಿನ ಕೋಡು ಸೋತರೆ ಎಲ್ಲವೂ ಸೋಲುತ್ತದೆ. ಲೋಪ ಸಿಕ್ಕಿತೆಂದು ಬಚ್ಚಿಡದೆ, ಬಯಲಲ್ಲೇ ಚರ್ಚಿಸಿ, ಬಯಲಲ್ಲೇ ತಿದ್ದಿದ್ದರಿಂದ ಕೆರ್ಬೆರೋಸ್ ಉಳಿಯಿತು.

ನಡುವೆ ಒಂದು ವಿಚಿತ್ರ ಅಧ್ಯಾಯವಿದೆ, ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಗೂಢಲಿಪಿಯ ತಂತ್ರಾಂಶವೂ ಯುದ್ಧಸಾಮಗ್ರಿಯ ಪಟ್ಟಿಗೆ ಸೇರಿತ್ತು, ಹೊರದೇಶಕ್ಕೆ ಕಳಿಸಲು ಪರವಾನಗಿ ಬೇಕಿತ್ತು. ಎಂಐಟಿಯವರು ಕೆರ್ಬೆರೋಸ್‌ನಿಂದ ಗೂಢಲಿಪಿಯ ಭಾಗಗಳನ್ನೆಲ್ಲ ಕಿತ್ತು, ಉಳಿದದ್ದಕ್ಕೆ ‘ಬೋನ್ಸ್’ ಎಂದು ಹೆಸರಿಟ್ಟು ಹೊರಗೆ ಬಿಟ್ಟರು. ಆಸ್ಟ್ರೇಲಿಯಾದ ಬಾಂಡ್ ವಿಶ್ವವಿದ್ಯಾಲಯದಲ್ಲಿದ್ದ ಎರಿಕ್ ಯಂಗ್ ಗೂಢಲಿಪಿಯ ಕೋಡನ್ನು ತಾನೇ ಹೊಸದಾಗಿ ಬರೆದು ಆ ಎಲುಬುಗೂಡಿಗೆ ಮತ್ತೆ ಮಾಂಸ ತುಂಬಿದರು. ಆ ಕೆಲಸದಿಂದ ಬೆಳೆದ ಅವರ ಕೋಡು ಮುಂದೆ ಎಸ್‌ಎಸ್‌ಎಲ್‌ಇಎವೈ ಆಯಿತು, 1998ರಲ್ಲಿ ಅದೇ ಓಪನ್‌ಎಸ್‌ಎಸ್‌ಎಲ್ ಆಗಿ ಮುಂದುವರಿಯಿತು. ಇಂದು ಜಗತ್ತಿನ ವೆಬ್ ಸರ್ವರುಗಳಲ್ಲಿ ಬಹುಪಾಲು ಅದನ್ನೇ ಆಶ್ರಯಿಸಿವೆ. ಒಂದು ಸರ್ಕಾರ ಬೇಲಿ ಹಾಕಿದ್ದಕ್ಕೆ ಇಡೀ ಲೋಕಕ್ಕೆ ಗೂಢಲಿಪಿಯ ಒಂದು ಮುಕ್ತ ಭಂಡಾರ ಸಿಕ್ಕಿತು.

2000ದ ಫೆಬ್ರುವರಿಯಲ್ಲಿ ಬಂದ ವಿಂಡೋಸ್ 2000, ತನ್ನ ಕಚೇರಿ ಜಾಲಗಳಿಗೆ ಕೆರ್ಬೆರೋಸನ್ನೇ ಮುಖ್ಯ ಮಾರ್ಗವಾಗಿ ಆರಿಸಿಕೊಂಡಿತು. ಅಂದಿನಿಂದ ಕಂಪನಿ, ಬ್ಯಾಂಕು, ಸರ್ಕಾರಿ ಇಲಾಖೆಗಳಲ್ಲಿ ಬೆಳಗಿನ ಲಾಗಿನ್ನಿನ ಹಿಂದೆ ಹೆಚ್ಚಾಗಿ ನಡೆಯುವುದು ಅಥೀನಾದ ಅದೇ ಟಿಕೆಟ್ ವ್ಯವಹಾರ. ವೈಟ್‌ಫೀಲ್ಡಿನಲ್ಲೋ ಹೆಬ್ಬಾಳದಲ್ಲೋ ಕೆಲಸ ಮಾಡುವವರು ಕೆರ್ಬೆರೋಸ್ ಎಂಬ ಹೆಸರು ಕೇಳಿರದಿದ್ದರೂ ದಿನವೂ ಅದರ ಟಿಕೆಟ್ ಹಿಡಿದೇ ಓಡಾಡುತ್ತಾರೆ.

ಆದರೆ ಕೆರ್ಬೆರೋಸ್ ಒಂದು ಸಂಸ್ಥೆಯ ಕಾಂಪೌಂಡಿನೊಳಗಿನ ವ್ಯವಸ್ಥೆ. ಇಂಟರ್‌ನೆಟ್ ಬೆಳೆದಂತೆ ಬೇರೆ ಬಗೆಯ ಪ್ರಶ್ನೆ ಎದ್ದಿತು. ಬೇರೆ ಬೇರೆ ಊರಿನ, ಬೇರೆ ಬೇರೆ ಯಜಮಾನರ ಸೈಟುಗಳು ಒಬ್ಬರು ಇನ್ನೊಬ್ಬರ ಬಳಕೆದಾರನನ್ನು ನಂಬುವುದು ಹೇಗೆ? ಇಲ್ಲಿ ಎಲ್ಲರ ಕೀಲಿಯನ್ನೂ ಇಟ್ಟುಕೊಳ್ಳುವ ಒಂದು ಕೇಂದ್ರವಿಲ್ಲ, ಇರಲೂಬಾರದು. ಉತ್ತರವಾಗಿ ಬಂದದ್ದು ಡಿಜಿಟಲ್ ಸಹಿ. ನೀವು ಸೈಟಿಗೆ ಹೋದಾಗ ಅದು ನಿಮ್ಮನ್ನು ನಿಮ್ಮ ಗುರುತು ಬಲ್ಲ ಸಂಸ್ಥೆಯ ಬಾಗಿಲಿಗೆ ಕಳಿಸುತ್ತದೆ. ಪಾಸ್‌ವರ್ಡ್ ಅಲ್ಲಿಯೇ ಕೊಡುತ್ತೀರಿ. ಆ ಸಂಸ್ಥೆ ‘ಇವರು ಇಂಥವರು’ ಎಂದು ಬರೆದು, ತನ್ನ ಬಳಿ ಮಾತ್ರ ಇರುವ ಕೀಲಿಯಿಂದ ಸಹಿ ಹಾಕಿ, ಆ ಪತ್ರದೊಂದಿಗೆ ನಿಮ್ಮನ್ನು ವಾಪಸು ಕಳಿಸುತ್ತದೆ. ಸಹಿಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು, ಹಾಕುವುದು ಮಾತ್ರ ಆ ಸಂಸ್ಥೆಯೊಂದಕ್ಕೇ ಸಾಧ್ಯ. 2002ರಲ್ಲಿ ಬಂದ ಸ್ಯಾಮ್ಲ್, 2012ರ ಓಆತ್ 2, 2014ರ ಓಪನ್ ಐಡಿ ಕನೆಕ್ಟ್ ಎಲ್ಲವೂ ಈ ಹಾದಿಯ ಮೈಲುಗಲ್ಲುಗಳು. ‘ಗೂಗಲ್ ಮೂಲಕ ಮುಂದುವರಿಯಿರಿ’ ಎನ್ನುವ ಬಟನ್ ಒತ್ತಿದಾಗ ಆಗುವುದು ಇದೇ.

ನಮ್ಮ ದೇಶದಲ್ಲಿ ಇದರ ಒಳ್ಳೆಯ ಬಳಕೆ ಶಿಕ್ಷಣ ಕ್ಷೇತ್ರದಲ್ಲಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಒಕ್ಕೂಟದ ಮೂಲಕ ಸದಸ್ಯ ವಿಶ್ವವಿದ್ಯಾಲಯದ ಸಂಶೋಧಕರು ಮನೆಯಲ್ಲಿ ಕೂತು ತಮ್ಮ ವಿಶ್ವವಿದ್ಯಾಲಯದ ಲಾಗಿನ್ನಿನಲ್ಲೇ ದುಬಾರಿ ಜರ್ನಲ್‌ಗಳನ್ನು ಓದಬಹುದು. ವಿದೇಶದ ಪ್ರಕಾಶಕನಿಗೆ ಆ ವಿದ್ಯಾರ್ಥಿಯ ಪಾಸ್‌ವರ್ಡ್ ಸಿಗುವುದಿಲ್ಲ, ಸಿಗುವುದು ‘ಈತ ನಮ್ಮವನು’ ಎಂಬ ಸಹಿ ಮಾಡಿದ ಮಾತು. ಎಜುರೋಮ್ ಎಂಬ ವೈಫೈ ಜಾಲವೂ ಹೀಗೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿ ಯುರೋಪಿನ ಒಂದು ವಿಶ್ವವಿದ್ಯಾಲಯಕ್ಕೆ ಹೋದರೆ, ಆತನ ಪಾಸ್‌ವರ್ಡನ್ನು ಪರೀಕ್ಷಿಸುವುದು ಬೆಂಗಳೂರಿನ ಸರ್ವರು. ಆತಿಥೇಯ ಸಂಸ್ಥೆಗೆ ಗೊತ್ತಾಗುವುದು ಹೌದು ಅಥವಾ ಅಲ್ಲ ಎಂಬ ಉತ್ತರವಷ್ಟೇ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ‘ಮೇರಿ ಪೆಹಚಾನ್’ ಎಂಬ ರಾಷ್ಟ್ರೀಯ ಏಕ ಲಾಗಿನ್ ಸೇವೆಯನ್ನು ಆರಂಭಿಸಿತು. ಡಿಜಿಲಾಕರ್, ಇ-ಪ್ರಮಾಣ್, ಜನ್ ಪರಿಚಯ್ ಮೂರರಲ್ಲಿ ಯಾವ ಖಾತೆಯಿಂದಾದರೂ ಅದರಡಿ ಹಲವು ಸರ್ಕಾರಿ ಸೇವೆಗಳಿಗೆ ಪ್ರವೇಶ ಪಡೆಯಬಹುದು. ಇಲಾಖೆಗೊಂದು ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲಾಗದೆ ಕಂಪ್ಯೂಟರ್ ಸೆಂಟರಿನವರ ಡೈರಿಯಲ್ಲಿ ಬರೆಸಿಟ್ಟುಬರುವ ಹಿರಿಯರನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಮೊದಲು ಸೂಚಿಸಿದ ಆ ಕೈಬಿಟ್ಟ ಭಾಗಕ್ಕೆ ಬರುತ್ತೇನೆ.

ವೆಬ್‌ನಲ್ಲಿ ಒಮ್ಮೆ ಒಳಗೆ ಬಂದ ಮೇಲೆ ನಿಮ್ಮ ಗುರುತಾಗಿ ಉಳಿಯುವುದು ಒಂದು ಟೋಕನ್, ಅಥವಾ ಬ್ರೌಸರಿನಲ್ಲಿ ಕೂತ ಒಂದು ಕುಕೀ. ಉದ್ದನೆಯ ಒಂದು ಅಕ್ಷರಮಾಲೆ. ಅದನ್ನು ಯಾರು ತಂದು ತೋರಿಸಿದರೂ ಸರ್ವರ್ ಅವರನ್ನು ನೀವೆಂದೇ ತಿಳಿಯುತ್ತದೆ. ಕೆರ್ಬೆರೋಸ್ ಪ್ರತಿ ಸಲವೂ ಕೇಳುತ್ತಿದ್ದ ಹೊಸ ಸಾಕ್ಷಿಪತ್ರವನ್ನು ವೆಬ್ ಕೇಳುವುದಿಲ್ಲ. ಬರೆಯಲು ಸುಲಭ, ಎಲ್ಲ ಬ್ರೌಸರಿನಲ್ಲೂ ನಡೆಯುತ್ತದೆ, ಬೇಗ ಹರಡುತ್ತದೆ ಎಂಬ ಕಾರಣಕ್ಕೆ ಆ ಸರಳ ದಾರಿ ಗೆದ್ದಿತು. ಪರಿಣಾಮವಾಗಿ ಇಂದಿನ ಕಳ್ಳರು ಪಾಸ್‌ವರ್ಡಿನ ಹಿಂದೆ ಬೀಳುವ ಬದಲು ಟೋಕನ್ನಿನ ಹಿಂದೆ ಬಿದ್ದಿದ್ದಾರೆ. ಕುಕೀ ಕದಿಯುವ ದುಷ್ಟ ತಂತ್ರಾಂಶ ನಿಮ್ಮ ಲ್ಯಾಪ್‌ಟಾಪಿಗೆ ನುಗ್ಗಿದರೆ, ನಿಮ್ಮ ಪಾಸ್‌ವರ್ಡ್ ಎಷ್ಟು ಉದ್ದವಿದ್ದರೂ, ಓಟಿಪಿ ಎಷ್ಟು ಸಲ ಬಂದರೂ ಪ್ರಯೋಜನವಿಲ್ಲ. ಓಟಿಪಿ ಕೇಳುವ ಹಂತವನ್ನು ಆ ಕುಕೀ ಆಗಲೇ ದಾಟಿಯಾಗಿದೆ.

2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್‌ನಲ್ಲಿ ಆದದ್ದು ಇದರದೇ ಒಂದು ರೂಪ. ನಮ್ಮ ಪುಟ ಬೇರೆಯವರಿಗೆ ಹೇಗೆ ಕಾಣುತ್ತದೆಂದು ನೋಡುವ ಒಂದು ಸೌಲಭ್ಯದಲ್ಲಿದ್ದ ದೋಷಗಳ ಮೂಲಕ ದಾಳಿಕೋರರು ಜನರ ಟೋಕನ್‌ಗಳನ್ನು ಎತ್ತಿದರು. ಮೊದಲು ಸುಮಾರು 5 ಕೋಟಿ ಖಾತೆ ಎಂದು ಹೇಳಿದ ಕಂಪನಿ ಆಮೇಲೆ 3 ಕೋಟಿ ಎಂದಿತು. ಮುನ್ನೆಚ್ಚರಿಕೆಗೆ ಸುಮಾರು 9 ಕೋಟಿ ಖಾತೆಗಳನ್ನು ಲಾಗ್‌ಔಟ್ ಮಾಡಿಸಬೇಕಾಯಿತು. ಕಳುವಾದದ್ದು ಒಂದು ಸೈಟಿನ ಟೋಕನ್ನಾದರೂ ಆತಂಕ ಆ ಸೈಟಿಗೆ ಸೀಮಿತವಾಗಿರಲಿಲ್ಲ, ಫೇಸ್‌ಬುಕ್ ಖಾತೆಯಿಂದಲೇ ತೆರೆಯುವ ಬೇರೆ ಆ್ಯಪ್‌ಗಳ ಕಥೆಯೇನು ಎಂದು ಎಲ್ಲರೂ ಕೇಳಿದರು. ಆ ಆ್ಯಪ್‌ಗಳಿಗೆ ದಾಳಿಕೋರರು ನುಗ್ಗಿದ ಪುರಾವೆ ಸಿಕ್ಕಿಲ್ಲವೆಂದು ಕಂಪನಿ ಹೇಳಿತು. ಪ್ರಶ್ನೆ ಏಳುವಂತಾದದ್ದೇ ಪಾಠವಾಗಬೇಕಿತ್ತು.

ಟೋಕನ್ನನ್ನು ಅದರ ಒಡೆಯನ ಕೀಲಿಗೆ ಕಟ್ಟಿಹಾಕುವ ಒಂದು ಹೊಸ ಮಾನದಂಡ 2023ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಡಿಪಾಪ್ ಎಂದು ಅದರ ಹೆಸರು. ಪ್ರತಿ ಕೋರಿಕೆಯ ಜೊತೆಗೂ ಕೇಳುವವನು ತನ್ನ ಕೀಲಿಯಿಂದ ಸಹಿ ಹಾಕಿದ, ಆ ಹೊತ್ತಿನ ಮುದ್ರೆಯಿರುವ ಒಂದು ಸಣ್ಣ ಪುರಾವೆಯನ್ನು ಕೊಡಬೇಕು. 1980ರ ದಶಕದಲ್ಲಿ ಅಥೀನಾದವರು ಇಟ್ಟಿದ್ದ ಸಾಕ್ಷಿಪತ್ರದ ತತ್ವವೇ ಇದು. ಮೂರು ದಶಕಕ್ಕೂ ಮಿಕ್ಕಿ ಸುತ್ತಿ ಬಂದು ನಾವು ಅದೇ ಜಾಗದಲ್ಲಿ ನಿಂತಿದ್ದೇವೆ. ಸೈಟುಗಳು ಇದನ್ನು ತ್ವರೆಯಿಂದ ಅಳವಡಿಸಬೇಕು. ಅದರಲ್ಲೂ ಹಣ ಮತ್ತು ಆರೋಗ್ಯದ ದಾಖಲೆ ಮುಟ್ಟುವವರು ಇನ್ನು ಕಾಯಬಾರದು.

ಎರಡನೆಯ ಅಪಾಯ ಕೇಂದ್ರದ್ದು. ಎಲ್ಲರೂ ಒಬ್ಬನ ಮಾತನ್ನೇ ನಂಬುವುದಾದರೆ ಆ ಒಬ್ಬನ ಸಹಿಯನ್ನು ಕದ್ದವನು ಎಲ್ಲರ ಮನೆಗೂ ನುಗ್ಗಬಲ್ಲ. ವಿಂಡೋಸ್ ಜಾಲಗಳಲ್ಲಿ ಇದಕ್ಕೆ ‘ಗೋಲ್ಡನ್ ಟಿಕೆಟ್’ ಎನ್ನುತ್ತಾರೆ. ಮೂಲ ಟಿಕೆಟ್‌ಗಳನ್ನು ಮುಚ್ಚುವ ಕೇಂದ್ರದ ಆ ಒಂದು ಕೀಲಿ ಸಿಕ್ಕಿದರೆ, ದಾಳಿಕೋರ ತಾನೇ ಟಿಕೆಟ್ ಬರೆದುಕೊಳ್ಳುತ್ತಾನೆ. ಯಾರ ಹೆಸರಿನಲ್ಲಾದರೂ, ಯಾವ ಅಧಿಕಾರದೊಂದಿಗಾದರೂ. ಫ್ರಾನ್ಸಿನ ಬೆಂಜಮಿನ್ ಡೆಲ್ಪಿ ಬರೆದ ಮಿಮಿಕಾಟ್ಜ್ ಎಂಬ ಉಪಕರಣ ಹೀಗೆ ತಯಾರಿಸುವ ಟಿಕೆಟ್‌ಗೆ ತಾನಾಗಿ ಕೊಡುತ್ತಿದ್ದ ಆಯುಷ್ಯ ಹತ್ತು ವರ್ಷ. ಮಾಮೂಲಿ ಟಿಕೆಟ್ಟಿನ ಆಯುಷ್ಯ ಹತ್ತು ಗಂಟೆ. ಇದಕ್ಕೆ ಮದ್ದು ಆ ಕೀಲಿಯನ್ನು ಬದಲಿಸುವುದು, ಅದೂ ಎರಡು ಸಲ, ಏಕೆಂದರೆ ವ್ಯವಸ್ಥೆ ಹಿಂದಿನ ಕೀಲಿಯನ್ನೂ ನೆನಪಿಟ್ಟುಕೊಂಡಿರುತ್ತದೆ. ಜಾಲ ಕಟ್ಟಿದ ದಿನ ಹಾಕಿದ ಕೀಲಿಯನ್ನು ವರ್ಷಗಟ್ಟಲೆ ಯಾರೂ ಮುಟ್ಟದಿರುವುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ವಾಡಿಕೆ.

ಈ ಅಲಕ್ಷ್ಯ ಸಣ್ಣ ಕಂಪನಿಗಳದ್ದಷ್ಟೇ ಅಲ್ಲ. 2023ರ ಜುಲೈನಲ್ಲಿ ಮೈಕ್ರೋಸಾಫ್ಟ್ ಒಂದು ದಾಳಿಯನ್ನು ಬಹಿರಂಗಪಡಿಸಿತು. ಚೀನಾ ಮೂಲದ್ದೆಂದು ಅದು ಹೇಳಿದ ಗುಂಪೊಂದು ಕಂಪನಿಯ ಸಹಿ ಕೀಲಿಯನ್ನು ಕದ್ದು, ತಾನೇ ಟೋಕನ್ ಸೃಷ್ಟಿಸಿ, ಸುಮಾರು 25 ಸಂಸ್ಥೆಗಳ ಮೇಲುಗಳನ್ನು ಓದಿತ್ತು. ಅಮೆರಿಕದ ಆಗಿನ ವಾಣಿಜ್ಯ ಸಚಿವೆ ಜೀನಾ ರೈಮಂಡೊ, ಚೀನಾದಲ್ಲಿ ಆಗ ಅಮೆರಿಕದ ರಾಯಭಾರಿಯಾಗಿದ್ದ ನಿಕೊಲಸ್ ಬರ್ನ್ಸ್ ಅವರ ಅಂಚೆಪೆಟ್ಟಿಗೆಗಳೂ ಅದರಲ್ಲಿದ್ದವು. ಮೊದಲು ಪತ್ತೆಹಚ್ಚಿದ್ದು ಮೈಕ್ರೋಸಾಫ್ಟ್ ಅಲ್ಲ, ತನ್ನ ದಾಖಲೆಗಳನ್ನು ಎಚ್ಚರದಿಂದ ನೋಡುತ್ತಿದ್ದ ಅಮೆರಿಕದ ವಿದೇಶಾಂಗ ಇಲಾಖೆ. ಮರುವರ್ಷ ಅಮೆರಿಕ ಸರ್ಕಾರದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿ ಕೊಟ್ಟ ವರದಿಯನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಕದ್ದ ಕೀಲಿ 2016ರಲ್ಲಿ ತಯಾರಾದದ್ದು, 2023ರಲ್ಲೂ ಬಾಗಿಲು ತೆರೆಯುತ್ತಿತ್ತು. ಸಾಮಾನ್ಯ ಗ್ರಾಹಕರ ಖಾತೆಗಳಿಗೆಂದು ಮಾಡಿದ ಆ ಕೀಲಿಯ ಸಹಿಯನ್ನು, ಪರೀಕ್ಷೆಯಲ್ಲಿದ್ದ ದೋಷದಿಂದಾಗಿ, ಸಂಸ್ಥೆಗಳ ಮೇಲ್ ವ್ಯವಸ್ಥೆಯೂ ಒಪ್ಪಿಕೊಂಡಿತು. ಈ ದಾಳಿಯನ್ನು ತಡೆಯಬಹುದಿತ್ತು ಎಂದು ಮಂಡಳಿ ನೇರವಾಗಿ ಬರೆಯಿತು. ಟಿಕೆಟ್‌ಗೆ ಗಂಟೆಗಳ ಆಯುಷ್ಯ ಗೊತ್ತುಮಾಡಿದ್ದ ಅಥೀನಾದ ವಿವೇಕವನ್ನು ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲೊಂದು ತನ್ನ ಮೂಲ ಕೀಲಿಗೆ ಅನ್ವಯಿಸಲಿಲ್ಲ.

ಹಾಗಾದರೆ ಏಕ ಲಾಗಿನ್ನನ್ನೇ ಬಿಟ್ಟುಬಿಡಬೇಕೇ? ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಐವತ್ತು ಸೈಟಿಗೆ ಐವತ್ತು ಬೇರೆ ಬೇರೆ ಗಟ್ಟಿ ಪಾಸ್‌ವರ್ಡ್ ನೆನಪಿಡುವುದು ಮನುಷ್ಯನ ಕೈಲಾಗದ ಕೆಲಸ. ಆಗುವುದು ಇಷ್ಟೇ: ಒಂದೇ ಪಾಸ್‌ವರ್ಡನ್ನು ಐವತ್ತು ಕಡೆ ಹಾಕುತ್ತೇವೆ, ಅದರಲ್ಲಿ ಅತಿ ದುರ್ಬಲವಾದ ಸೈಟು ಮುರಿದ ದಿನ ಐವತ್ತೂ ಮುರಿಯುತ್ತವೆ. ಚೆನ್ನಾಗಿ ಕಾಯುವ ಒಂದು ಕೇಂದ್ರ, ಕಾಯಲು ಬಾರದ ಐವತ್ತು ಬಾಗಿಲಿಗಿಂತ ಎಷ್ಟೋ ಮೇಲು. ಕಂಪನಿಯಿಂದ ಒಬ್ಬರು ಕೆಲಸ ಬಿಟ್ಟು ಹೋದರೆ ಒಂದೇ ಕಡೆ ಅವರ ಖಾತೆ ಮುಚ್ಚಿದರೆ ಸಾಕಾಗುತ್ತದೆ, ಇಪ್ಪತ್ತು ತಂತ್ರಾಂಶಗಳಲ್ಲಿ ಹುಡುಕುತ್ತಾ ಕೂರಬೇಕಿಲ್ಲ. ಆದರೆ ‘ಚೆನ್ನಾಗಿ ಕಾಯುವ’ ಎಂಬ ಮಾತಿಗೆ ಅರ್ಥವಿರಬೇಕು. ನಾಗರಿಕರ ಗುರುತನ್ನು ಒಂದೇ ಬಾಗಿಲಿಗೆ ತರುತ್ತಿರುವ ನಮ್ಮ ಸರ್ಕಾರಗಳು ತಮ್ಮ ಸಹಿ ಕೀಲಿಗಳನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತವೆ, ಹೊರಗಿನ ತಜ್ಞರಿಂದ ಯಾವಾಗ ಪರೀಕ್ಷೆ ಮಾಡಿಸಿದವು, ದಾಳಿ ನಡೆದರೆ ಎಷ್ಟು ಹೊತ್ತಿನೊಳಗೆ ಜನರಿಗೆ ತಿಳಿಸುತ್ತವೆ ಎಂಬುದನ್ನು ಬಹಿರಂಗವಾಗಿ ಹೇಳಬೇಕು. ಕೇಳುವ ಹಕ್ಕು ನಮಗಿದೆ.

ಲಾಗ್‌ಔಟ್ ಬಗ್ಗೆಯೂ ಒಂದು ಮಾತು. ಒಮ್ಮೆ ಲಾಗಿನ್ ಆದರೆ ಎಲ್ಲ ಬಾಗಿಲೂ ತೆರೆಯುತ್ತವೆ, ಒಮ್ಮೆ ಲಾಗ್‌ಔಟ್ ಆದರೆ ಎಲ್ಲವೂ ಮುಚ್ಚುವುದಿಲ್ಲ. ಗೂಗಲ್‌ನಿಂದ ಹೊರಬಂದರೂ ಅದರ ಮೂಲಕ ತೆರೆದ ಸೈಟು ತನ್ನದೇ ಕುಕೀ ಇಟ್ಟುಕೊಂಡು ತೆರೆದೇ ಇರುತ್ತದೆ. ನಮ್ಮೂರುಗಳ ಜೆರಾಕ್ಸ್ ಅಂಗಡಿಯಲ್ಲಿ, ಒಂದು ಪಿಡಿಎಫ್ ಪ್ರಿಂಟ್ ತೆಗೆಯಲು ಮೇಲು ತೆರೆದು, ಅವಸರದಲ್ಲಿ ಹಾಗೇ ಎದ್ದು ಬರುವವರು ಬಹಳ. ಅಲ್ಲಿ ತೆರೆದುಬಿಟ್ಟದ್ದು ಮೇಲು ಒಂದೇ ಅಲ್ಲ, ಆ ಮೇಲಿನ ಗುರುತಿನಿಂದ ತೆರೆಯುವ ಎಲ್ಲವೂ. ಅಂಥ ಕಡೆ ಬ್ರೌಸರಿನ ಖಾಸಗಿ ಕಿಟಕಿ ತೆರೆದು ಕೆಲಸ ಮುಗಿಸಿ ಅದನ್ನು ಮುಚ್ಚಿಬನ್ನಿ. ಮಗನೋ ಮಗಳೋ ಜೊತೆಗಿದ್ದರೆ ಅವರಿಂದ ಒಮ್ಮೆ ಕಲಿತುಕೊಳ್ಳಿ, ಎರಡು ನಿಮಿಷದ ವಿದ್ಯೆ.

ಇನ್ನೊಂದು ವಿನಂತಿ. ನಿಮ್ಮ ಮುಖ್ಯ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ಪುಟ ಇರುತ್ತದೆ. ಯಾವ ಯಾವ ಆ್ಯಪ್‌ಗಳಿಗೆ ಆ ಖಾತೆಯ ಮೂಲಕ ಪ್ರವೇಶ ಕೊಟ್ಟಿದ್ದೀರಿ, ಯಾವ ಯಾವ ಫೋನು ಮತ್ತು ಕಂಪ್ಯೂಟರಿನಲ್ಲಿ ಅದು ಇನ್ನೂ ತೆರೆದಿದೆ ಎಂಬ ಪಟ್ಟಿ ಅಲ್ಲಿ ಸಿಗುತ್ತದೆ. ಮರೆತುಹೋದ ಆಟದ ಆ್ಯಪು, ಮಾರಿಬಿಟ್ಟ ಹಳೆಯ ಫೋನು ಅಲ್ಲಿ ಕಂಡರೆ ಆಶ್ಚರ್ಯಪಡಬೇಡಿ. ಬೇಡದ್ದನ್ನು ತೆಗೆದುಹಾಕಿ. ಎರಡನೆಯ ಹಂತದ ಪರೀಕ್ಷೆಯನ್ನು ಚಾಲೂ ಮಾಡಿ. ಖಾತೆ ಮರಳಿ ಪಡೆಯಲು ಕೊಟ್ಟಿರುವ ಮೊಬೈಲ್ ನಂಬರು ಈಗಲೂ ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಿ, ಏಕೆಂದರೆ ನಾವು ಬಿಟ್ಟ ನಂಬರನ್ನು ಮೊಬೈಲ್ ಕಂಪನಿಗಳು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತವೆ.